ದಾರಿಯಲ್ಲಿ ಬಿದ್ದವರನ್ನು ಕಂಡಾಗ: ‘ನೀನೂ ಅದರಂತೆ ಮಾಡು’ ಅಂದರೆ ಏನೇನು ಮಾಡಬೇಕು?

ಹೊಸ ಓದುಗ

ಎಲ್ಲರಿಗೂ ವಂದನೆಗಳು. ಬೈಬಲಿನ ಲೂಕ 10ರಲ್ಲಿ ಯೇಸುಸ್ವಾಮಿ ಹೇಳಿದ ಒಂದು ಕಥೆಯಿದೆ. ಯೆರೂಸಲೇಮಿನಿಂದ ಯೆರಿಕೋವಿಗೆ ಹೊರಟವನೊಬ್ಬನನ್ನು ಕಳ್ಳರು ಬಟ್ಟೆ ಕಿತ್ತು, ಹೊಡೆದು, ಅರೆಜೀವ ಮಾಡಿ ಬಿಟ್ಟುಹೋದರು. ಒಬ್ಬ ಯಾಜಕನೂ (ಪೂಜಾರಿ) ದೇವಾಲಯದ ಸೇವಕ ಕುಲದ ಒಬ್ಬ ಲೇವಿಯನೂ ಕಂಡೂ ದಾಟಿ ಹೋದರು; ಯೆಹೂದ್ಯರಿಗೆ ಆಗದ ಸಮಾರ್ಯದ ಜನಾಂಗದವನೊಬ್ಬ ನಿಂತು ನೋಡಿಕೊಂಡ. ಈ ಸಮಾರ್ಯದವನ ಸಾಮ್ಯ ಮುಗಿಯುವುದು ‘ಹೋಗು, ನೀನೂ ಅದರಂತೆ ಮಾಡು’ ಎಂಬ ಮಾತಿನಿಂದ. ಅದು ಸಲಹೆಯಲ್ಲ, ಅಪ್ಪಣೆ. ಈ ಸಾಮ್ಯದ ಮೇಲೆ ಪ್ರಸಂಗಗಳಿಗೇನೂ ಬರವಿಲ್ಲ, ಆದರೆ ಹೆಚ್ಚಿನವು ‘ಕನಿಕರಪಡಿ’ ಎನ್ನುವಲ್ಲಿಗೆ ನಿಂತುಬಿಡುತ್ತವೆ. ನನಗೆ ಬೇಕಿರುವುದು ಅದರ ಮುಂದಿನದು. ಗುರುತೇ ಇಲ್ಲದ ಮನುಷ್ಯನೊಬ್ಬ ಕಷ್ಟದಲ್ಲಿ ಕಣ್ಣಿಗೆ ಬಿದ್ದಾಗ ಮೊದಲು ಏನು ಮಾಡಬೇಕು, ಏನು ಮಾಡಬಾರದು? ಮೋಸಕ್ಕೆ ಸಿಕ್ಕದೆ ಕೊಡುವುದು ಹೇಗೆ? ಎಲ್ಲಿಯವರೆಗೆ ಜೊತೆಗಿರಬೇಕು? ತಿಳಿದವರು ದಯವಿಟ್ಟು ಬಿಡಿಸಿ ಬರೆಯಿರಿ.

ಗ್ರಂಥಾಭ್ಯಾಸಿ

ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಾಮ್ಯದಲ್ಲೇ ಇದೆ. 33ರಿಂದ 35ರವರೆಗಿನ ಮೂರು ವಚನಗಳಲ್ಲಿ ಬರುವ ಕ್ರಿಯಾಪದಗಳನ್ನಷ್ಟೇ ಬರೆದಿಟ್ಟುಕೊಳ್ಳಿ. ನೋಡಿದ, ಕನಿಕರಪಟ್ಟ, ಹತ್ತಿರ ಹೋದ, ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಗಾಯ ಕಟ್ಟಿದ, ತನ್ನ ವಾಹನದ ಮೇಲೆ ಹತ್ತಿಸಿದ, ಛತ್ರಕ್ಕೆ ಕರೆತಂದ, ಆರೈಕೆ ಮಾಡಿದ. ಮರುದಿನ ಹಣ ತೆಗೆದುಕೊಟ್ಟ, ಛತ್ರದವನಿಗೆ ಹೊಣೆ ಒಪ್ಪಿಸಿದ, ತಿರುಗಿ ಬರುತ್ತೇನೆಂದು ಮಾತು ಕೊಟ್ಟ. ಕನಿಕರ ಇಲ್ಲಿ ಒಂದೇ ಒಂದು ಕ್ರಿಯಾಪದ. ಉಳಿದದ್ದೆಲ್ಲ ಕೈಕಾಲಿನ ಕೆಲಸ, ಖರ್ಚು, ಏರ್ಪಾಟು.

ಜಾಗದ ಕಲ್ಪನೆಯೂ ಇರಲಿ. ಯೆರೂಸಲೇಮು ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಯೆರಿಕೋ ಸಮುದ್ರಮಟ್ಟಕ್ಕಿಂತ ಸುಮಾರು 250 ಮೀಟರ್ ಕೆಳಗಿದೆ. 25 ಕಿಲೋಮೀಟರಿಗೆ ಸ್ವಲ್ಪ ಹೆಚ್ಚಿನ ದಾರಿಯಲ್ಲಿ ಸಾವಿರ ಮೀಟರ್ ಇಳಿಜಾರು, ಸುತ್ತ ಒಣ ಕಣಿವೆ. ಹೊಡೆದವರು ಬಂಡೆಯ ಹಿಂದೆಯೇ ಕೂತಿರಬಹುದಾದ ದಾರಿ ಅದು. ಅಲ್ಲಿ ನಿಲ್ಲಲು ಹೆದರಿದವನನ್ನು ಸುಲಭವಾಗಿ ಹೀಗಳೆಯುವ ಹಾಗಿಲ್ಲ.

ಯಾಜಕ ಹೆಣ ಮುಟ್ಟಿದರೆ ಅಶುದ್ಧನಾಗುತ್ತಿದ್ದ (ಯಾಜಕಕಾಂಡ 21), ದೇವಾಲಯದ ಸೇವೆ ತಪ್ಪುತ್ತಿತ್ತು, ಆದ್ದರಿಂದ ದೂರ ಹೋದ ಎಂದು ಕೆಲವರು ಸಮಜಾಯಿಷಿ ಕೊಡುವುದುಂಟು. ಆದರೆ ಲೂಕನು ಯಾಜಕ ಆ ದಾರಿಯಲ್ಲಿ ‘ಇಳಿದು’ ಬರುತ್ತಿದ್ದ ಎನ್ನುತ್ತಾನೆ. ಇಳಿಯುವುದೆಂದರೆ ದೇವಾಲಯವಿದ್ದ ಯೆರೂಸಲೇಮನ್ನು ಹಿಂದೆ ಬಿಟ್ಟು ಬರುವುದು. ಸೇವೆಗೆ ಹೊತ್ತಾಗುತ್ತದೆ ಎಂಬ ನೆವ ಅವನಿಗೆ ಒದಗುವುದಿಲ್ಲ.

ಮಂದಗಮನ

ಆತುರದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಮನೋವಿಜ್ಞಾನಿಗಳು ಪ್ರಿನ್ಸ್‌ಟನ್ನಿನಲ್ಲಿ ದೇವಶಾಸ್ತ್ರ ಓದುತ್ತಿದ್ದ 40 ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗ 1973ರಲ್ಲಿ ಪ್ರಕಟವಾಯಿತು. ಪಕ್ಕದ ಕಟ್ಟಡಕ್ಕೆ ಹೋಗಿ ಚಿಕ್ಕ ಭಾಷಣ ಮಾಡಬೇಕೆಂದು ಅವರಿಗೆ ಹೇಳಲಾಗಿತ್ತು. ಕೆಲವರಿಗೆ ಕೊಟ್ಟ ವಿಷಯ ಇದೇ ಸಮಾರ್ಯದವನ ಸಾಮ್ಯ. ದಾರಿಯಲ್ಲಿ ಒಬ್ಬ ಮನುಷ್ಯ ಬಾಗಿಲ ಬಳಿ ಕುಸಿದು ಕೂತು ಕೆಮ್ಮುತ್ತ ನರಳುತ್ತಿದ್ದ. ಸಮಯ ಧಾರಾಳವಾಗಿದೆ ಎಂದು ಹೇಳಿಸಿಕೊಂಡವರಲ್ಲಿ 63 ಪ್ರತಿಶತ ಜನ ಸಹಾಯಕ್ಕೆ ಮುಂದಾದರು. ತಡವಾಗಿದೆ, ಬೇಗ ಹೋಗಿ ಎಂದು ಹೇಳಿಸಿಕೊಂಡವರಲ್ಲಿ 10 ಪ್ರತಿಶತ ಮಾತ್ರ. ಸಾಮ್ಯದ ಮೇಲೆಯೇ ಮಾತಾಡಲು ಹೊರಟಿದ್ದರೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಇದನ್ನು ಓದಿ ಆ ವಿದ್ಯಾರ್ಥಿಗಳನ್ನು ಬಯ್ಯುವುದರಿಂದ ಪ್ರಯೋಜನವಿಲ್ಲ. ದಿನಚರಿಯಲ್ಲಿ ಬಿಡುವೇ ಇಲ್ಲದಿದ್ದರೆ ಮನಸ್ಸಿನಲ್ಲಿ ಎಷ್ಟು ಕರುಣೆ ಇದ್ದರೂ ಕಾಲು ನಿಲ್ಲುವುದಿಲ್ಲ. ಆರಾಧನೆಗೆ, ಕೆಲಸಕ್ಕೆ, ಪ್ರಯಾಣಕ್ಕೆ ಹೊರಡುವಾಗ ಕಾಲು ಗಂಟೆ ಮುಂಚೆ ಹೊರಡುವುದು ಈ ಅಪ್ಪಣೆಯನ್ನು ಪಾಲಿಸುವ ಮೊದಲ ಹೆಜ್ಜೆ. ಹೊಲದ ಅಂಚನ್ನು ಕೊಯ್ಯದೆ ಬಿಡಬೇಕೆಂದು ಯಾಜಕಕಾಂಡ 19 ಹೇಳುತ್ತದಲ್ಲ, ದಿನಕ್ಕೂ ಅಂಥ ಅಂಚು ಬೇಕು.

ಶುಶ್ರೂಷಕಿ

ಗ್ರಂಥಾಭ್ಯಾಸಿ ಅಣ್ಣ ಹೇಳಿದ ‘ಹತ್ತಿರ ಹೋದ’ ಎಂಬಲ್ಲಿಂದ ನಾನು ಶುರುಮಾಡುತ್ತೇನೆ. ಹತ್ತಿರ ಹೋಗುವುದಕ್ಕೂ ಕ್ರಮ ಇದೆ.

ಮೊದಲು ಜಾಗ ನೋಡಿ. ಓಡುವ ವಾಹನ, ಕಡಿದು ಬಿದ್ದ ವಿದ್ಯುತ್ ತಂತಿ, ಬೆಂಕಿ, ಹೊಗೆ, ನೀರು. ನೀವೂ ಬಿದ್ದರೆ ಸಹಾಯ ಬೇಕಾದವರು ಇಬ್ಬರಾಗುತ್ತಾರೆ. ಜಾಗ ಸುರಕ್ಷಿತವಾಗಿದ್ದರೆ ಮುಖ ಕಾಣುವ ಕಡೆಯಿಂದ ಹೋಗಿ, ಗಟ್ಟಿಯಾಗಿ ಮಾತಾಡಿಸಿ, ಭುಜ ತಟ್ಟಿ. ಉತ್ತರ ಬರದಿದ್ದರೆ ಎದೆಯ ಏರಿಳಿತವನ್ನು ಹತ್ತು ಸೆಕೆಂಡಿಗೆ ಮೀರದಂತೆ ಗಮನಿಸಿ. ತುರ್ತು ಸಂಖ್ಯೆಗೆ ಕರೆ ಮಾಡಿ ಫೋನನ್ನು ಸ್ಪೀಕರಿನಲ್ಲಿ ಕೆಳಗಿಡಿ, ಕೈ ಎರಡೂ ಬಿಡುವಾಗುತ್ತವೆ. ಸುತ್ತ ಜನ ಇದ್ದರೆ ‘ಯಾರಾದರೂ ಫೋನ್ ಮಾಡಿ’ ಎನ್ನಬೇಡಿ. ಎಲ್ಲರೂ ಇನ್ನೊಬ್ಬರು ಮಾಡುತ್ತಾರೆಂದುಕೊಂಡು ಸುಮ್ಮನಿರುತ್ತಾರೆ. ‘ನೀಲಿ ಅಂಗಿಯವರೇ, ನೀವು ಫೋನ್ ಮಾಡಿ, ಏನಂದರು ಅಂತ ನನಗೆ ಹೇಳಿ’ ಎಂದು ಒಬ್ಬರನ್ನೇ ಬೊಟ್ಟುಮಾಡಿ.

ಉಸಿರಿಲ್ಲದಿದ್ದರೆ, ಅಥವಾ ಎಲ್ಲೋ ಒಮ್ಮೊಮ್ಮೆ ಏದುಸಿರು ಮಾತ್ರ ಇದ್ದರೆ, ಎದೆಯ ನಡುಭಾಗದಲ್ಲಿ ಎರಡೂ ಅಂಗೈ ಒಂದರ ಮೇಲೊಂದಿಟ್ಟು ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ದೊಡ್ಡವರಾದರೆ 5ರಿಂದ 6 ಸೆಂಟಿಮೀಟರ್ ಆಳ. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೆ ಬರಲಿ. ಉಸಿರಿದ್ದು ಎಚ್ಚರವಿಲ್ಲದಿದ್ದರೆ, ಕತ್ತು-ಬೆನ್ನಿಗೆ ಪೆಟ್ಟಾದ ಅನುಮಾನ ಇಲ್ಲದಿದ್ದರೆ, ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಇಲ್ಲದಿದ್ದರೆ ನಾಲಿಗೆಯೋ ವಾಂತಿಯೋ ಉಸಿರಿನ ದಾರಿ ಕಟ್ಟುತ್ತದೆ. ಬಿದ್ದವರ, ಅಪಘಾತವಾದವರ ತಲೆ-ಕತ್ತು ಅಲುಗದಂತೆ ಹಿಡಿದುಕೊಂಡು ಇದ್ದಲ್ಲೇ ಇರಿಸಿ. ಬೆಂಕಿಯಂಥ ಅಪಾಯವಿದ್ದರೆ, ಇಲ್ಲವೇ ಉಸಿರಿನ ದಾರಿ ಕಟ್ಟುತ್ತಿದ್ದರೆ ಮಾತ್ರ ಸರಿಸಬೇಕು.

ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯಿಟ್ಟು ಗಾಯದ ಮೇಲೇ ನೇರವಾಗಿ, ಬಲವಾಗಿ ಒತ್ತಿ ಹಿಡಿಯಿರಿ. ಜನ ತಪ್ಪುವುದು ಎಲ್ಲಿ ಅಂದರೆ, ನಿಂತಿತೇ ಎಂದು ಅರ್ಧ ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿ ನೋಡುತ್ತಾರೆ. ಕಟ್ಟುತ್ತಿರುವ ಹೆಪ್ಪು ಪ್ರತಿ ಸಲ ಕಿತ್ತುಹೋಗುತ್ತದೆ. ಎತ್ತಬೇಡಿ. ಚುಚ್ಚಿಕೊಂಡ ವಸ್ತುವನ್ನು ಕೀಳಬೇಡಿ, ಅದರ ಎರಡೂ ಪಕ್ಕ ಒತ್ತಿ.

ಎಣ್ಣೆ, ದ್ರಾಕ್ಷಾರಸ ಆ ಕಾಲಕ್ಕೆ ಸರಿಯಾದ ಚಿಕಿತ್ಸೆಯೇ. ದ್ರಾಕ್ಷಾರಸದ ಹುಳಿ ಮತ್ತು ಮದ್ಯಾಂಶ ಗಾಯ ತೊಳೆಯುತ್ತಿತ್ತು, ಎಣ್ಣೆ ಗಾಯವನ್ನು ಮೆದುವಾಗಿಡುತ್ತಿತ್ತು. ಈಗ ಎರಡೂ ಬೇಡ. ಸಣ್ಣ ಗಾಯಕ್ಕೆ ಹರಿಯುವ ಶುದ್ಧ ನೀರು ಸಾಕು. ದೊಡ್ಡ ಗಾಯವನ್ನು ಒತ್ತಿ ಹಿಡಿದು ಆಸ್ಪತ್ರೆಗೆ ಒಪ್ಪಿಸಿ.

ಹೊಸ ಓದುಗ

ಅಕ್ಕ, ತುಂಬಾ ಉಪಕಾರ. ಕುಡಿದು ಬಿದ್ದಿದ್ದಾನೆ ಎಂದು ಜನ ದಾಟಿ ಹೋಗುವುದನ್ನು ಎಲ್ಲರೂ ನೋಡಿರುತ್ತೇವೆ. ಅದನ್ನು ಹೇಗೆ ಗುರುತಿಸುವುದು?

ಶುಶ್ರೂಷಕಿ

ಹೊರಗಿನಿಂದ ನೋಡಿ ಗುರುತಿಸಲು ಆಗುವುದಿಲ್ಲ ಎಂದೇ ತಿಳಿದುಕೊಳ್ಳಿ. ತೊದಲು ಮಾತು, ತೂರಾಟ, ಬೆವರು, ವಿನಾಕಾರಣ ಸಿಟ್ಟು ಇವೆಲ್ಲ ರಕ್ತದಲ್ಲಿ ಸಕ್ಕರೆ ಕುಸಿದಾಗಲೂ ಬರುತ್ತವೆ. ಪಾರ್ಶ್ವವಾಯು ಬಡಿದಾಗ, ತಲೆಗೆ ಪೆಟ್ಟಾದಾಗ, ಅಪಸ್ಮಾರದ ಸೆಳವು ಬಂದು ಹೋದ ಮೇಲೂ ಮನುಷ್ಯ ಕುಡಿದವರಂತೆಯೇ ಕಾಣುತ್ತಾನೆ. ಬಾಯಿಂದ ಮದ್ಯದ ವಾಸನೆ ಬಂದರೂ ಜೊತೆಗೆ ಇವುಗಳಲ್ಲೊಂದು ಇಲ್ಲ ಎನ್ನಲಾಗದು. ಕುಡಿದೇ ಬಿದ್ದಿದ್ದರೂ ಮಲಗಿದಲ್ಲೇ ವಾಂತಿ ಉಸಿರಿಗೆ ಸಿಕ್ಕಿ ಸಾಯಬಹುದು. ಆದ್ದರಿಂದ ತೀರ್ಪು ಕೊಡುವ ಕೆಲಸವೇ ನಮಗೆ ಬೇಡ, ಎಲ್ಲರಿಗೂ ಒಂದೇ ಪರೀಕ್ಷೆ.

ಮುಖ ಒಂದು ಕಡೆ ಜೋತಿದೆಯೇ, ಎರಡೂ ಕೈ ಎತ್ತಲು ಹೇಳಿದರೆ ಒಂದು ಕೆಳಗಿಳಿಯುತ್ತದೆಯೇ, ಮಾತು ತೊದಲುತ್ತದೆಯೇ ನೋಡಿ. ಮೂರರಲ್ಲಿ ಒಂದು ಕಂಡರೂ ಪಾರ್ಶ್ವವಾಯು ಎಂದೇ ಭಾವಿಸಿ ಕರೆ ಮಾಡಿ. ಮೊದಲು ಯಾವಾಗ ಕಂಡಿತು ಎಂಬ ಗಂಟೆ-ನಿಮಿಷ ಬರೆದಿಡಿ, ವೈದ್ಯರು ಕೇಳುವ ಮೊದಲ ಪ್ರಶ್ನೆ ಅದು. ಸಕ್ಕರೆ ಕಾಯಿಲೆಯವರು, ಎಚ್ಚರವಿದೆ, ನುಂಗುತ್ತಾರೆ ಎಂದಾದರೆ 15ರಿಂದ 20 ಗ್ರಾಂ ಸಕ್ಕರೆ, ಅಂದರೆ ನಾಲ್ಕು ಟೀ ಚಮಚ, ನೀರಿನಲ್ಲಿ ಕಲಸಿ ಕೊಡಿ. ಹದಿನೈದು ನಿಮಿಷ ಕಾಯಿರಿ, ಸುಧಾರಿಸದಿದ್ದರೆ ಇನ್ನೊಮ್ಮೆ. ಎಚ್ಚರವಿಲ್ಲದವರ ಬಾಯಿಗೆ ಒಂದು ತೊಟ್ಟೂ ಬೇಡ. ಸೆಳವು ಬಂದವರ ಬಾಯಿಗೆ ಚಮಚ, ಬಟ್ಟೆ ಏನನ್ನೂ ತುರುಕಬಾರದು. ಸುತ್ತಲ ಗಟ್ಟಿ ವಸ್ತು ಸರಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಅದು ತುರ್ತು.

ಹಸಿವಿನ ಬಗ್ಗೆ ಒಂದು ಎಚ್ಚರಿಕೆ, ಇದು ಹೆಚ್ಚಿನವರಿಗೆ ಗೊತ್ತಿಲ್ಲ. ಐದು ದಿನಕ್ಕಿಂತ ಹೆಚ್ಚು ಏನೂ ತಿನ್ನದವರಿಗೆ ಪ್ರೀತಿಯಿಂದ ಹೊಟ್ಟೆ ತುಂಬ ಬಡಿಸಿದರೆ ಪ್ರಾಣಕ್ಕೇ ಕುತ್ತು ಬರಬಹುದು. ಒಮ್ಮೆಲೇ ಪಿಷ್ಟ, ಸಕ್ಕರೆ ಒಳಗೆ ಹೋದಾಗ ಇನ್ಸುಲಿನ್ ಏರಿ ರಕ್ತದಲ್ಲಿದ್ದ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳಿಗೆ ಸೇರಿಬಿಡುತ್ತವೆ. ರಕ್ತದಲ್ಲಿ ಅವುಗಳ ಮಟ್ಟ ಕುಸಿದು ಹೃದಯದ ಬಡಿತ ತಪ್ಪುತ್ತದೆ. ಇಂಥವರಿಗೆ ಸ್ವಲ್ಪ ಸ್ವಲ್ಪವೇ ಕೊಡುತ್ತ ವೈದ್ಯರ ಬಳಿ ಕರೆದೊಯ್ಯಿರಿ. ವಾಂತಿ-ಭೇದಿಯಿಂದ ಸೊರಗಿದವರಿಗೆ ಒಂದು ಲೀಟರ್ ಶುದ್ಧ ನೀರು, ಆರು ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಸಮತಟ್ಟು ಟೀ ಚಮಚ ಉಪ್ಪು. ಗುಟುಕು ಗುಟುಕಾಗಿ ಕುಡಿಸಿ. ಉಪ್ಪು ಹೆಚ್ಚಾದರೆ ಕೇಡು, ಕಣ್ಣಂದಾಜು ಬೇಡ.

ಚಳಿಯಲ್ಲಿ ನೆನೆದು ನಡುಗುವವರ ಒದ್ದೆ ಬಟ್ಟೆ ತೆಗೆಸಿ, ಮೈಗೆ ಹೊದಿಸುವ ಮುಂಚೆ ಕೆಳಗೆ ಹಾಸಿ. ನೆಲವೇ ಹೆಚ್ಚು ಶಾಖ ಎಳೆದುಕೊಳ್ಳುತ್ತದೆ. ಎದೆ-ಹೊಟ್ಟೆ ಮೊದಲು ಬೆಚ್ಚಗಾಗಲಿ. ಕೈಕಾಲು ತಿಕ್ಕಬೇಡಿ, ಮದ್ಯ ಕೊಡಬೇಡಿ.

ಎಚ್ಚರಿಕೆ

ಇದೆಲ್ಲ ಪ್ರಾಣಾಪಾಯದ ಮಾತಾಯಿತು. ದಿನನಿತ್ಯ ಎದುರಾಗುವುದು ಬೇರೆ. ‘ಊರಿಗೆ ಹೋಗಲು ದುಡ್ಡಿಲ್ಲ’, ‘ಮಗುವಿಗೆ ಔಷಧಿ ಬೇಕು’. ಕೊಟ್ಟ ದುಡ್ಡು ಎಲ್ಲಿ ಹೋಯಿತೋ ಯಾರಿಗೆ ಗೊತ್ತು? ದುಡಿಯದವನು ಊಟ ಮಾಡಬಾರದು ಎಂದು ಅಪೊಸ್ತಲ ಪೌಲನೇ ಬರೆದಿದ್ದಾನಲ್ಲ?

ಗ್ರಂಥಾಭ್ಯಾಸಿ

2 ಥೆಸಲೋನಿಕ 3:10ರಲ್ಲಿ ಇರುವುದು ಕೆಲಸ ಮಾಡಲು ‘ಮನಸ್ಸಿಲ್ಲದವನ’ ಮಾತು. ಮಾಡಲಾಗದವನ ಮಾತಲ್ಲ, ಕೆಲಸ ಸಿಗದವನ ಮಾತೂ ಅಲ್ಲ. ಅದೂ ಸಭೆಯೊಳಗೇ ಇದ್ದು ಎಲ್ಲರ ಪರಿಚಯವಿದ್ದವರಿಗೆ ಹೇಳಿದ್ದು. ದಾರಿಯಲ್ಲಿ ಸಿಕ್ಕ ಅಪರಿಚಿತನ ಮೇಲೆ ಅದನ್ನು ಹೊರಿಸುವುದು ವಚನದ ದುರ್ಬಳಕೆ ಎಂದು ನೇರವಾಗಿಯೇ ಹೇಳುತ್ತೇನೆ.

ಆದರೆ ನಿಮ್ಮ ಚಿಂತೆ ಹೊಸದಲ್ಲ, ತಪ್ಪೂ ಅಲ್ಲ. ಹನ್ನೆರಡು ಅಪೊಸ್ತಲರ ಬೋಧನೆ, ಅಂದರೆ ಡಿಡಕೆ ಎಂಬ ಆದಿಸಭೆಯ ಕೈಪಿಡಿಯ ಪ್ರತಿ 1873ರಲ್ಲಿ ಸಿಕ್ಕಿತು. ಅದರ 12ನೇ ಅಧ್ಯಾಯ ಇದೇ ಪ್ರಶ್ನೆಗೆ ಮೀಸಲು. ಕರ್ತನ ಹೆಸರಿನಲ್ಲಿ ಬಂದವರನ್ನೆಲ್ಲ ಮೊದಲು ಸೇರಿಸಿಕೊಳ್ಳಿ, ಆಮೇಲೆ ಪರೀಕ್ಷಿಸಿ ಎನ್ನುತ್ತದೆ. ಈ ಅನುಕ್ರಮ ಗಮನಿಸಿ. ಹಾದುಹೋಗುವ ಪ್ರಯಾಣಿಕನಿಗೆ ಆದಷ್ಟು ಸಹಾಯ ಮಾಡಿ, ಆದರೆ ಅವನು ಎರಡು ದಿನ, ಅಗತ್ಯವಿದ್ದರೆ ಮೂರು ದಿನ, ಅದಕ್ಕಿಂತ ಹೆಚ್ಚು ಉಳಿಯಬಾರದು. ನೆಲೆಸಬೇಕೆಂದರೆ ತನ್ನ ಕಸುಬು ಮಾಡಿ ಉಣ್ಣಲಿ. ಕಸುಬಿಲ್ಲದಿದ್ದರೆ ಅವನು ಸೋಮಾರಿಯಾಗಿ ಬದುಕದಂತೆ ದಾರಿ ಹುಡುಕುವ ಹೊಣೆ ನಿಮ್ಮದೇ. ಅದೇ ಪುಸ್ತಕ, ಯಾರಿಗೆ ಕೊಡುತ್ತೀಯೆಂದು ತಿಳಿಯುವ ತನಕ ನಿನ್ನ ದಾನ ನಿನ್ನ ಕೈಯಲ್ಲೇ ಬೆವರಲಿ ಎಂಬ ಹಳೆಯ ಮಾತನ್ನೂ ನೆನಪಿಸುತ್ತದೆ. ಕೊಡುವುದರಿಂದ ಜಾರಿಕೊಳ್ಳಲು ಆ ಮಾತನ್ನು ಬಳಸುವ ಹಾಗಿಲ್ಲ, ಏಕೆಂದರೆ ಅದಕ್ಕೆ ಸ್ವಲ್ಪ ಮುಂಚೆಯೇ ಕೇಳಿದವರಿಗೆಲ್ಲ ಕೊಡು ಎಂದೂ ಇದೆ.

ಲೆಕ್ಕಪುಸ್ತಕ

ಎಚ್ಚರಿಕೆಯವರ ಪ್ರಶ್ನೆಗೆ ಲೆಕ್ಕದ ಕಡೆಯಿಂದ ಉತ್ತರ. ಕೇಳಿದ ವಸ್ತುವನ್ನೇ ಕೊಡುವುದು ಸುಲಭ ಉಪಾಯ. ಪ್ರಯಾಣ ಎಂದರೆ ಟಿಕೆಟ್, ಔಷಧಿ ಎಂದರೆ ಚೀಟಿ ನೋಡಿ ಅಂಗಡಿಯಲ್ಲೇ ಖರೀದಿ, ಬಾಡಿಗೆ ಎಂದರೆ ಮನೆಯ ಮಾಲೀಕರಿಗೇ ನೇರ ಪಾವತಿ. ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ ಅಷ್ಟೆ. ಮೋಸಗಾರರು ಸಾಮಾನ್ಯವಾಗಿ ಆ ಹತ್ತು ನಿಮಿಷ ಕಾಯುವುದಿಲ್ಲ, ನಿಜವಾಗಿ ಕಷ್ಟದಲ್ಲಿರುವವರು ಕಾಯುತ್ತಾರೆ. ಹಾಗೆಂದು ಕಾಯದವರೆಲ್ಲ ಮೋಸಗಾರರಲ್ಲ, ಮಗು ಮನೆಯಲ್ಲಿ ಒಂಟಿಯಾಗಿರಬಹುದು.

ನಗದು ಕೊಡಲೇಬಾರದು ಎಂಬ ಕಟ್ಟುನಿಟ್ಟೂ ನನಗೆ ಸರಿ ಕಾಣುವುದಿಲ್ಲ. ಬಡವರಿಗೆ ತಮ್ಮ ಅಗತ್ಯ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಕಳೆದುಹೋದರೂ ದುಃಖವಾಗದಷ್ಟು ಮೊತ್ತವನ್ನು ತಿಂಗಳ ಮೊದಲ ದಿನವೇ ಬೇರೆ ಜೇಬಿನಲ್ಲಿ ಎತ್ತಿಡಿ. ಅದು ಆಗಲೇ ಕೊಟ್ಟಾಗಿದೆ ಎಂದುಕೊಂಡರೆ, ಎದುರಿಗೆ ಬಂದವರ ಮುಖ ನೋಡಿ ಚೌಕಾಸಿ ಮಾಡುವ ಮನಸ್ಸಾಗುವುದಿಲ್ಲ.

ಮೊಬೈಲಿಗೆ ಬರುವ ಮನವಿಗಳದು ಬೇರೆ ಕಥೆ. ಸಂದೇಶದಲ್ಲಿರುವ ಸಂಖ್ಯೆಗೆ ಫೋನ್ ಮಾಡಿ ವಿಚಾರಿಸಿದರೆ ವಿಚಾರಿಸಿದಂತಲ್ಲ. ಆಸ್ಪತ್ರೆಯ ಸಂಖ್ಯೆಯನ್ನು ನೀವೇ ಬೇರೆ ಕಡೆಯಿಂದ ಹುಡುಕಿ, ಆ ಹೆಸರಿನ ರೋಗಿಯ ಖಾತೆಗೆ ಹಣ ಕಟ್ಟಬಹುದೇ ಎಂದು ಕೇಳಿ. ರೋಗದ ವಿವರ ಅವರು ಹೇಳಲಾರರು, ಹೇಳಲೂಬಾರದು. ಪಾವತಿ ಆಸ್ಪತ್ರೆಯ ಖಾತೆಗೇ ಹೋಗಲಿ. ಸಂದೇಶ ಯಾವ ದಿನಾಂಕದ್ದು ನೋಡಿ. ಗುಣವಾದವರ, ತೀರಿಹೋದವರ ಹೆಸರಿನಲ್ಲೂ ಹಳೆಯ ಮನವಿಗಳು ವರ್ಷಗಟ್ಟಲೆ ಸುತ್ತುತ್ತಿರುತ್ತವೆ.

ಎಚ್ಚರಿಕೆ

ಒಪ್ಪಿದೆ. ಸಭೆಯಾಗಿ ಒಂದು ನಿಧಿ ಇಟ್ಟರೆ ಹೇಗೆ ನಡೆಸಬೇಕು?

ಲೆಕ್ಕಪುಸ್ತಕ

ಪ್ರತ್ಯೇಕ ಖಾತೆ ಇರಲಿ, ಕಟ್ಟಡದ ಕಾಣಿಕೆಯ ಜೊತೆ ಬೆರೆಸಬೇಡಿ, ಬೆರೆತರೆ ಕಟ್ಟಡವೇ ಎಲ್ಲವನ್ನೂ ನುಂಗುತ್ತದೆ. ಸಣ್ಣ ಮೊತ್ತಕ್ಕೆ ಒಬ್ಬರೇ ನಿರ್ಧರಿಸಬಹುದು ಎಂಬ ಮಿತಿ ಮೊದಲೇ ಬರೆದಿಡಿ, ಅದರ ಮೇಲಿನದಕ್ಕೆ ಸಂಬಂಧಿಕರಲ್ಲದ ಇಬ್ಬರ ಸಹಿ. ಎಲ್ಲದಕ್ಕೂ ಸಮಿತಿ ಕೂಡಬೇಕೆಂದರೆ ಶನಿವಾರ ರಾತ್ರಿ ಬಂದವರು ಮುಂದಿನ ವಾರದವರೆಗೆ ಹಸಿದಿರಬೇಕಾಗುತ್ತದೆ. ಬಹಳಷ್ಟು ನಿಧಿಗಳು ಸೋಲುವುದು ಇಲ್ಲೇ, ಹಣವಿರುತ್ತದೆ ಆದರೆ ಹೊತ್ತಿಗೆ ಸಿಗುವುದಿಲ್ಲ. ಪುಸ್ತಕದಲ್ಲಿ ದಿನಾಂಕ, ಮೊತ್ತ, ಕಾರಣ, ರಸೀದಿ ಸಂಖ್ಯೆ ಸಾಕು. ಪಡೆದವರ ಹೆಸರು ಬೇರೊಂದು ಮುಚ್ಚಿದ ಪುಸ್ತಕದಲ್ಲಿರಲಿ, ವಾರ್ಷಿಕ ವರದಿಯಲ್ಲಿ ಓದಬಾರದು.

ಎಷ್ಟು ಎತ್ತಿಡಬೇಕು ಎಂದು ಕೇಳುವವರಿಗೆ ಧರ್ಮೋಪದೇಶಕಾಂಡ 14:28-29 ನೋಡಿ ಎನ್ನುತ್ತೇನೆ. ಮೂರನೆಯ ವರ್ಷದ ಬೆಳೆಯ ದಶಮಾಂಶ ಪೂರ್ತಿ ಊರಲ್ಲೇ ಉಳಿಯಬೇಕು. ಅದು ಲೇವಿಯರಿಗೆ, ಪರದೇಶಸ್ಥರಿಗೆ, ತಾಯಿತಂದೆಗಳಿಲ್ಲದವರಿಗೆ, ವಿಧವೆಯರಿಗೆ. ಪರದೇಶಸ್ಥರ ಪಾಲು ಉಳಿಕೆಯಲ್ಲಿ ಇಲ್ಲ, ಆಯವ್ಯಯದಲ್ಲೇ ಇದೆ.

ಗ್ರಂಥಾಭ್ಯಾಸಿ

ಹೊಲದ ಅಂಚಿನ ಮಾತು ಮಂದಗಮನ ಎತ್ತಿದ್ದಾರೆ. ಎಷ್ಟು ಅಂಚು ಎಂದು ಮೋಶೆಯ ಧರ್ಮಶಾಸ್ತ್ರ ಹೇಳುವುದಿಲ್ಲ, ಮಿಷ್ನಾ ಎಂಬ ಯೆಹೂದ್ಯರ ಹಳೆಯ ನಿಯಮಸಂಗ್ರಹ ಅರವತ್ತರಲ್ಲಿ ಒಂದು ಭಾಗಕ್ಕಿಂತ ಕಡಿಮೆಯಾಗಬಾರದು ಎಂದು ಕನಿಷ್ಠ ಮಿತಿ ಹಾಕಿತು. ಮರೆತು ಬಿಟ್ಟ ಸಿವುಡಿಗೆ ತಿರುಗಿ ಹೋಗಬಾರದು (ಧರ್ಮೋಪದೇಶಕಾಂಡ 24:19). ಇದರಲ್ಲಿ ನನಗೆ ಬಹಳ ಹಿಡಿಸುವುದು ಕೊಡುವ ರೀತಿ. ಬೆಳೆದವನು ಕೈಯೆತ್ತಿ ಕೊಡುವುದಿಲ್ಲ, ಪರದೇಶಿ ಕೈಚಾಚುವುದಿಲ್ಲ. ಬಂದವಳು ತಾನೇ ಆಯ್ದುಕೊಳ್ಳುತ್ತಾಳೆ. ಬೈಬಲಿನ ರೂತಳು ಹೊರನಾಡಾದ ಮೋವಾಬಿನಿಂದ ಬಂದ ವಿಧವೆ. ಹೊಲದ ಒಡೆಯ ಬೋವಜನು ತನ್ನ ಆಳುಗಳಿಗೆ ಸಿವುಡುಗಳಿಂದ ತೆನೆಗಳನ್ನು ಬೇಕೆಂದೇ ಎಳೆದು ಬಿಡಿ, ಅವಳನ್ನು ಗದರಿಸಬೇಡಿ ಎಂದು ಗುಟ್ಟಾಗಿ ಹೇಳಿದ. ಸಂಜೆಗೆ ಅವಳು ಬಡಿದು ತೆಗೆದದ್ದು ಸುಮಾರು ಒಂದು ಏಫ ಜವೆ, ಅಂದರೆ 22 ಲೀಟರಿನಷ್ಟು. ಒಬ್ಬಳು ಹಕ್ಕಲಾಯ್ದದ್ದಕ್ಕೆ ಇದು ತುಂಬಾ ಹೆಚ್ಚು. ಅವಳ ಮಾನಕ್ಕೆ ಕುಂದು ಬರದಂತೆ ಬೋವಜನು ಏರ್ಪಾಟು ಮಾಡಿದ್ದ.

ತೆರೆದ ಬಾಗಿಲು

ಈ ಮಾನದ ವಿಷಯವೇ ನನ್ನ ಮಾತಿಗೂ ಮೂಲ. ಯೆರಿಕೋವಿನ ಹತ್ತಿರವೇ ಒಬ್ಬ ಕುರುಡ ಯೇಸುಸ್ವಾಮಿಯನ್ನು ಕೂಗಿ ಕರೆದ (ಲೂಕ 18). ಅವನಿಗೆ ಏನು ಬೇಕೆಂದು ನೋಡಿದವರಿಗೆಲ್ಲ ಗೊತ್ತಾಗುವಂತಿತ್ತು. ಆದರೂ ‘ನಿನಗೆ ಏನು ಮಾಡಬೇಕು?’ ಎಂದು ಸ್ವಾಮಿ ಕೇಳಿದರು. ನಾವು ಕೇಳುವುದಿಲ್ಲ. ಬೀದಿಯಲ್ಲಿ ಮಲಗುವವರಿಗೆ ಹೊದಿಕೆಯ ಮೇಲೆ ಹೊದಿಕೆ ಹಂಚುತ್ತೇವೆ. ಅವರಿಗೆ ಬೇಕಿದ್ದದ್ದು ಕಾಲುಚೀಲ, ಫೋನ್ ಚಾರ್ಜ್, ಶೌಚಾಲಯ, ಹೆಂಗಸರಾದರೆ ತಿಂಗಳ ಬಟ್ಟೆ ಆಗಿರಬಹುದು. ಹಲ್ಲು ಹಾಳಾದವರಿಗೆ ಗಟ್ಟಿ ತಿಂಡಿ ಕೊಟ್ಟರೆ ಅದು ಚೀಲದಲ್ಲೇ ಉಳಿಯುತ್ತದೆ. ಒಲೆ, ಚಾಕು, ಡಬ್ಬಿ ಬಿಚ್ಚುವ ಉಪಕರಣ ಬೇಕಾಗದಂಥದ್ದನ್ನೇ ಆರಿಸಿ. ಎರಡು ಬಗೆ ಇಟ್ಟು ‘ಯಾವುದು ಕೊಡಲಿ?’ ಎನ್ನಿ. ನಿಂತು ಮಾತಾಡುವ ಬದಲು ಕಣ್ಣಿನ ಮಟ್ಟಕ್ಕೆ ಕುಳಿತು ಮಾತಾಡಿ, ಮಲಗಿದ್ದರೆ ಮುಟ್ಟಿ ಎಬ್ಬಿಸಬೇಡಿ, ದೂರದಿಂದ ಕರೆಯಿರಿ. ಹೊಡೆತ ತಿಂದವರು ಸ್ಪರ್ಶಕ್ಕೆ ಬೆಚ್ಚಿಬೀಳುತ್ತಾರೆ.

ಮನೆಯಲ್ಲಿ ಅಪರಿಚಿತರನ್ನು ಉಳಿಸಿಕೊಳ್ಳುವವರು: ಮನೆಯವರೆಲ್ಲರ ಒಪ್ಪಿಗೆ ಮೊದಲು. ಒಂಟಿಯಾಗಿರುವವರು ಒಬ್ಬರೇ ಉಳಿಸಿಕೊಳ್ಳಬೇಡಿ. ಮನೆಯ ಹೊರಗಿನ ಇನ್ನೊಬ್ಬರಿಗೆ ಯಾರು ಬಂದಿದ್ದಾರೆ, ಎಷ್ಟು ದಿನ ಎಂದು ತಿಳಿಸಿ. ಮಕ್ಕಳ ಕೋಣೆ ಬೇರೆ ಇರಲಿ. ಬಂದವರಿಗೂ ಒಳಗಿನಿಂದ ಚಿಲಕ ಹಾಕಿಕೊಳ್ಳುವ ಬಾಗಿಲು ಬೇಕು, ಭಯ ಅವರಿಗೂ ಇದೆ. ಎಷ್ಟು ರಾತ್ರಿ ಎಂಬುದನ್ನು ಮೊದಲ ದಿನವೇ ಸ್ಪಷ್ಟವಾಗಿ ಹೇಳಿ. ನಾಲ್ಕನೆಯ ದಿನ ಮುಖ ಗಂಟಿಕ್ಕಿಕೊಂಡು ಸೂಚಿಸುವುದು ಇಬ್ಬರಿಗೂ ಅವಮಾನ. ಅವರ ಗುರುತಿನ ಕಾಗದ, ಫೋನು ಅವರ ಬಳಿಯೇ ಇರಬೇಕು, ‘ಜೋಪಾನ ಮಾಡುತ್ತೇನೆ’ ಎಂದು ತೆಗೆದಿಟ್ಟುಕೊಳ್ಳಬೇಡಿ. ಇದಕ್ಕೆ ಪ್ರತಿಯಾಗಿ ಮನೆಗೆಲಸ ಮಾಡಿಸಿಕೊಳ್ಳಲೂಬೇಡಿ. ಆಶ್ರಯ ಜೀತವಾಗುವುದು ಹೀಗೆಯೇ.

ಒಂಟಿ ಮಗು ಸಿಕ್ಕರೆ ಮನೆಗೆ ಕರೆದೊಯ್ಯಬಾರದು. ಸಿಕ್ಕ ಜಾಗದಲ್ಲೇ, ಜನರ ಕಣ್ಣೆದುರು, ಇನ್ನೊಬ್ಬ ದೊಡ್ಡವರನ್ನು ಜೊತೆಗಿಟ್ಟುಕೊಂಡು ನಿಲ್ಲಿ. ಹುಡುಕುವವರು ಮೊದಲು ಬರುವುದು ಅಲ್ಲಿಗೇ. ಪೊಲೀಸರಿಗೆ ಅಥವಾ ಮಕ್ಕಳ ಸಹಾಯವಾಣಿಗೆ ತಿಳಿಸಿ. ಮಗುವಿನ ಹೆಸರನ್ನು ಗಟ್ಟಿಯಾಗಿ ಕೂಗಿ ಹೇಳಬೇಡಿ, ಯಾರು ಬೇಕಾದರೂ ಆ ಹೆಸರು ಹಿಡಿದು ಬಂದುಬಿಡಬಹುದು. ಬಂದವರೇ ಹೆಸರು, ಬಟ್ಟೆಯ ಬಣ್ಣ ಹೇಳಲಿ. ಮರೆವಿನ ಕಾಯಿಲೆಯಿಂದ ದಾರಿ ತಪ್ಪಿದ ಹಿರಿಯರೊಂದಿಗೆ ವಾದ ಮಾಡಬೇಡಿ. ತೀರಿಹೋದ ತಾಯಿಯ ಮನೆಗೆ ಹೊರಟಿದ್ದೇನೆ ಎಂದರೆ ‘ಅಮ್ಮನ ಬಗ್ಗೆ ಹೇಳಿ’ ಎಂದು ಜೊತೆಗೆ ನಡೆಯಿರಿ. ಜೇಬಿನ ಚೀಟಿ, ಕೈಪಟ್ಟಿ ನೋಡಲು ಅವರ ಒಪ್ಪಿಗೆ ಕೇಳಿ.

ಕೇಳಿದ ಪ್ರಶ್ನೆಗೆಲ್ಲ ಪಕ್ಕದವರೇ ಉತ್ತರಿಸುತ್ತಿದ್ದರೆ, ಕಾಗದಪತ್ರ ಬೇರೆಯವರ ಕೈಯಲ್ಲಿದ್ದರೆ, ಯಾವ ಊರಿನಲ್ಲಿದ್ದೇನೆಂದೇ ಆ ವ್ಯಕ್ತಿಗೆ ಗೊತ್ತಿಲ್ಲದಿದ್ದರೆ, ಅದು ಮಾನವ ಸಾಗಣೆ ಇರಬಹುದು. ಎದುರಾಎದುರು ಜಗಳ ತೆಗೆಯಬೇಡಿ, ಏಟು ಬೀಳುವುದು ಆಮೇಲೆ ಆ ವ್ಯಕ್ತಿಗೇ. ವಾಹನದ ಸಂಖ್ಯೆ, ಜಾಗ, ಸಮಯ ಗುರುತು ಹಾಕಿಕೊಂಡು ದೂರದಿಂದಲೇ ಪೊಲೀಸರಿಗೆ ತಿಳಿಸಿ.

ಮಂದಗಮನ

ಫೋಟೋ ತೆಗೆಯುವ ಬಗ್ಗೆ ಯಾರೂ ಹೇಳಲಿಲ್ಲ. ತೆಗೆಯಬೇಡಿ. ‘ಅವರ ಒಪ್ಪಿಗೆ ಇತ್ತು’ ಎನ್ನುತ್ತಾರೆ. ಕೈಯಲ್ಲಿ ಅನ್ನ ಹಿಡಿದು ನಿಂತವರು ಕೇಳಿದಾಗ ಹಸಿದವರು ಬೇಡ ಎನ್ನಲು ಸಾಧ್ಯವೇ? ಮತ್ತಾಯ 6ರಲ್ಲಿ ಎಡಗೈಗೂ ತಿಳಿಯಬಾರದು ಎಂದಿದೆ.

ಹೊಸ ಓದುಗ

ಸಹಾಯ ಮಾಡುವಾಗ ದೇವರ ವಿಷಯ ಹೇಳಬೇಕೇ? ಕೆಲವರು ಪ್ರಾರ್ಥನೆಗೆ ಕೂತ ಮೇಲೆಯೇ ಊಟ ಕೊಡುತ್ತಾರೆ.

ಗ್ರಂಥಾಭ್ಯಾಸಿ

ಷರತ್ತು ಹಾಕಬಾರದು. ಬಿದ್ದವನ ಮತ ಯಾವುದೆಂದು ಸಮಾರ್ಯದವನು ಕೇಳಲಿಲ್ಲ. ಯೆಹೂದ್ಯರ, ಸಮಾರ್ಯದವರ ನಡುವೆ ಇದ್ದದ್ದು ಸಣ್ಣ ಬಿರುಕಲ್ಲ. ಗೆರಿಜ್ಜೀಮ್ ಬೆಟ್ಟದ ಮೇಲಿದ್ದ ಸಮಾರ್ಯದವರ ದೇವಾಲಯವನ್ನು ಕ್ರಿಸ್ತಪೂರ್ವ ಎರಡನೆಯ ಶತಮಾನದ ಕೊನೆಯಲ್ಲಿ ಯೆಹೂದ್ಯ ಅರಸ ಯೋಹಾನ ಹಿರ್ಕಾನನು ಕೆಡವಿಸಿದ್ದ. ಆ ಗಾಯ ಹೊತ್ತ ಜನಾಂಗದವನು ಈ ಗಾಯ ಕಟ್ಟಿದ. ಯಾರಾದರೂ ಏಕೆ ಮಾಡುತ್ತೀರಿ ಎಂದು ಕೇಳಿದರೆ ಹೇಳಿ, 1 ಪೇತ್ರ 3:15 ಕೇಳುವವರಿಗೆ ಸಾತ್ವಿಕತ್ವದಿಂದ ಉತ್ತರ ಕೊಡಿ ಎನ್ನುತ್ತದೆ. ಕೇಳದವರ ಊಟ ಆರುವ ತನಕ ಉಪದೇಶ ಮಾಡುವುದು ಬೇಡ. ಕ್ರಿ.ಶ. 362ರಲ್ಲಿ ರೋಮಿನ ಚಕ್ರವರ್ತಿ ಜೂಲಿಯನ್, ಕ್ರೈಸ್ತರನ್ನು ಕಂಡರಾಗದವನು, ತನ್ನ ಪೂಜಾರಿಯೊಬ್ಬನಿಗೆ ಬರೆದ ಪತ್ರದಲ್ಲಿ ಈ ಗಲಿಲಾಯದವರು (ಕ್ರೈಸ್ತರನ್ನು ಅವನು ಕರೆಯುತ್ತಿದ್ದದ್ದು ಹಾಗೆ) ತಮ್ಮ ಬಡವರನ್ನಲ್ಲದೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ ಎಂದು ನೊಂದುಕೊಂಡಿದ್ದಾನೆ.

ಇಬ್ರಿಯ 13:2ರಲ್ಲಿ ‘ಅತಿಥಿಸತ್ಕಾರ’ ಎಂದು ನಾವು ಓದುವ ಪದ ಗ್ರೀಕಿನಲ್ಲಿ ಫಿಲೊಕ್ಸೆನಿಯ, ಅಂದರೆ ಅಪರಿಚಿತರ ಮೇಲಿನ ಪ್ರೀತಿ. ಕರೆದು ಊಟಕ್ಕಿಕ್ಕುವ ನೆಂಟರ ಮಾತಲ್ಲ. ನಮ್ಮ ‘ಅತಿಥಿ’ಗೂ ತಿಥಿ ಗೊತ್ತಿಲ್ಲದೆ ಬಂದವನು ಎಂಬ ಅರ್ಥ ಹಿಂದಿನಿಂದ ಹೇಳಿಕೊಂಡು ಬಂದದ್ದೇ. ಪದ ಸರಿಯಾಗಿಯೇ ಇದೆ, ನಾವು ಅದನ್ನು ಆಹ್ವಾನಪತ್ರಿಕೆಯವರಿಗೆ ಮೀಸಲಿಟ್ಟೆವು.

ಹೊಸ ಓದುಗ

ಕೊನೆಯದಾಗಿ, ಎಲ್ಲಿಯವರೆಗೆ ಎಂಬ ಪ್ರಶ್ನೆ ಉಳಿಯಿತು.

ತೆರೆದ ಬಾಗಿಲು

‘ಮರುದಿನ’ ಎಂಬ ಪದದಲ್ಲಿ ಉತ್ತರವಿದೆ. ಆ ರಾತ್ರಿ ಆರೈಕೆ ಮಾಡಿದ. ಮರುದಿನ ತನ್ನ ಪ್ರಯಾಣ ಮುಂದುವರಿಸಿದ, ಆದರೆ ಕೈಬಿಟ್ಟು ಹೋಗಲಿಲ್ಲ. ಎರಡು ದಿನಾರಿ ಎಂದರೆ ಎರಡು ದಿನದ ಕೂಲಿ, ಮತ್ತಾಯ 20ರಲ್ಲಿ ದ್ರಾಕ್ಷೇತೋಟದ ಕೂಲಿ ದಿನಕ್ಕೆ ಒಂದು. ಅಷ್ಟು ಮುಂಗಡ ಕೊಟ್ಟು, ಹೆಚ್ಚಾದರೆ ಬಂದು ಕೊಡುತ್ತೇನೆ ಎಂದ. ಆ ಕಾಲದಲ್ಲಿ ಸಾಲ ತೀರಿಸಲಾಗದವನು ಅಡಿಯಾಳಾಗಬಹುದಿತ್ತು. ಮೈಮೇಲೆ ಬಟ್ಟೆಯಿಲ್ಲದವನು ಛತ್ರದ ಬಾಕಿ ಹೊತ್ತುಕೊಂಡು ಏಳಬಾರದಿತ್ತು, ಅದಕ್ಕೇ ಆ ಮಾತು. ಎಲ್ಲವನ್ನೂ ತಾನೇ ಮಾಡಲೂ ಇಲ್ಲ. ಛತ್ರದವನು ಬೇಕಾಯಿತು. ಒಬ್ಬರೇ ಹೊತ್ತುಕೊಂಡವರು ಒಂದೆರಡು ತಿಂಗಳಲ್ಲಿ ಬಸವಳಿದು, ಮುಂದೆ ಯಾರನ್ನೂ ಹತ್ತಿರ ಸೇರಿಸದಂತಾಗುತ್ತಾರೆ.

ಹಾಗಾಗಿ ನಿಮ್ಮ ಛತ್ರದವರು ಯಾರು ಎಂಬುದನ್ನು ಅಗತ್ಯ ಬರುವ ಮುಂಚೆಯೇ ಹುಡುಕಿಡಿ. ಹತ್ತಿರದ ತುರ್ತು ಚಿಕಿತ್ಸೆ ಇರುವ ಆಸ್ಪತ್ರೆ, ರಾತ್ರಿ ಆಶ್ರಯ, ಹೆಂಗಸರ ಆಶ್ರಯಧಾಮ, ಉಚಿತ ಕಾನೂನು ಸಹಾಯ, ಬೇರೆ ಭಾಷೆ ಬಲ್ಲವರು ಒಬ್ಬರಿಬ್ಬರು. ಆರು ತಿಂಗಳಿಗೊಮ್ಮೆ ಆ ಸಂಖ್ಯೆಗಳಿಗೆ ಕರೆ ಮಾಡಿ ಈಗಲೂ ನಡೆಯುತ್ತಿವೆಯೇ, ಎಷ್ಟು ಗಂಟೆಯವರೆಗೆ ಸೇರಿಸಿಕೊಳ್ಳುತ್ತಾರೆ ವಿಚಾರಿಸಿ.

ಶುಶ್ರೂಷಕಿ

ಆಸ್ಪತ್ರೆಗೆ ಒಪ್ಪಿಸುವಾಗ ಒಂದು ಚೀಟಿ ಬರೆದುಕೊಡಿ: ಎಲ್ಲಿ ಸಿಕ್ಕರು, ಎಷ್ಟು ಹೊತ್ತಿಗೆ, ಆಗ ಎಚ್ಚರವಿತ್ತೇ, ಸೆಳವು ಬಂದಿದ್ದರೆ ಎಷ್ಟು ನಿಮಿಷ, ನೀವು ಏನು ಕೊಟ್ಟಿರಿ, ಜೊತೆಗಿದ್ದ ಸಾಮಾನು ಯಾವುದು. ಹೆಸರು ಗೊತ್ತಿಲ್ಲದವರ ಬಗ್ಗೆ ವೈದ್ಯರ ಬಳಿ ಇರುವ ಮಾಹಿತಿ ಬಹಳ ಸಲ ಅಷ್ಟೇ. ದಾಖಲೆ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳಿ. ಮರುದಿನ ಫೋನ್ ಮಾಡಿದಾಗ ಹೆಸರಿಲ್ಲದ ರೋಗಿಯನ್ನು ಹುಡುಕಲು ಅದೊಂದೇ ದಾರಿ.